ಮನೆ ತುಂಬ ನೆಂಟರು, ಹೊಟ್ಟೆಯಲ್ಲಿ ಚೊಚ್ಚಲ ಕೂಸು: ರಜೆಯ ದೊಡ್ಡ ಕೂಟಕ್ಕೆ ಬಸುರಿಯ ತಯಾರಿ

ಇಪ್ಪತ್ತು ಮೂವತ್ತು ಜನ ಒಂದೇ ಸೂರಿನಡಿ ಸೇರುವ ರಜೆಯ ಕೂಟದಲ್ಲಿ ಬಸುರಿಗೆ ಕಷ್ಟವಾಗುವುದು ಸಾಮಾನ್ಯವಾಗಿ ಒಂದು ದೊಡ್ಡ ತಪ್ಪಿನಿಂದಲ್ಲ. ಒಂದು ಗಂಟೆಗೆ ಆಗಬೇಕಿದ್ದ ಊಟ ಮೂರಕ್ಕೆ ಆಗುತ್ತದೆ. ಮಾತಿನ ಭರದಲ್ಲಿ ನೀರು ಕುಡಿಯುವುದು ಮರೆತುಹೋಗುತ್ತದೆ. ಹಿರಿಯರೊಬ್ಬರು ಬಂದರೆಂದು ಕೂತ ಕುರ್ಚಿ ಬಿಟ್ಟುಕೊಟ್ಟವಳು ಮತ್ತೆ ಒಂದೂವರೆ ಗಂಟೆ ನಿಂತೇ ಇರುತ್ತಾಳೆ. ಶೌಚಾಲಯ ಒಂದೇ, ಹೊರಗೆ ಸರದಿ. ಆಮೇಲೆ ಹೋದರಾಯಿತೆಂದು ತಡೆದುಕೊಳ್ಳುತ್ತಾಳೆ. ಇವೆಲ್ಲ ಸೇರಿ ಸಂಜೆ ಹೊತ್ತಿಗೆ ತಲೆಸುತ್ತು, ಎದೆಯುರಿ, ಕಾಲುಬಾವು, ಬಿಗಿದ ಹೊಟ್ಟೆ. ಚೊಚ್ಚಲ ಬಸುರಿಗೆ ಇನ್ನೊಂದು ತೊಡಕೂ ಇದೆ: ಇದರಲ್ಲಿ ಯಾವುದು ಸಹಜ, ಯಾವುದನ್ನು ಡಾಕ್ಟರಿಗೆ ಹೇಳಬೇಕು ಎಂಬ ಅಂದಾಜು ಅವಳಿಗೆ ಇನ್ನೂ ಸಿಕ್ಕಿರುವುದಿಲ್ಲ. ಸುತ್ತಲಿದ್ದವರೆಲ್ಲರಿಗೂ ಒಂದೊಂದು ಅಭಿಪ್ರಾಯ ಮಾತ್ರ ಇರುತ್ತದೆ.

ಆದ್ದರಿಂದ ಮೊದಲು ನಿಮ್ಮ ದೇಹದ ಹೊತ್ತುಗಳನ್ನು ಗೊತ್ತುಮಾಡಿಕೊಳ್ಳಿ. ತಿನ್ನುವ, ಕುಡಿಯುವ, ಮಲಗುವ, ನಡೆಯುವ ಹೊತ್ತು ಗಟ್ಟಿಯಾದ ಮೇಲೆ ಕೂಟವನ್ನು ಅದರ ಸುತ್ತ ಹೊಂದಿಸಿ. ಜೊತೆಗೆ, "ಬೇಡ" ಎನ್ನುವ ಕೆಲಸವನ್ನು ನೀವೇ ಹೊತ್ತುಕೊಳ್ಳಬೇಡಿ. ಅದಕ್ಕೆ ಬೇರೊಬ್ಬರನ್ನು ನೇಮಿಸಿ.

ಎಷ್ಟನೇ ವಾರ ಎಂಬುದರ ಮೇಲೆ

ಕೂಟದ ದಿನ ನಿಮಗೆ ಎಷ್ಟು ವಾರ ತುಂಬಿರುತ್ತದೆ ಎಂದು ಲೆಕ್ಕ ಹಾಕಿ. ಉಳಿದ ಎಲ್ಲ ತೀರ್ಮಾನಗಳೂ ಆ ಲೆಕ್ಕದ ಮೇಲೆ ನಿಂತಿವೆ.

6ರಿಂದ 13ನೇ ವಾರದೊಳಗಾದರೆ ವಾಕರಿಕೆ, ನಿದ್ದೆಯ ಮಂಪರು, ವಾಸನೆ ತಡೆಯದಿರುವುದು, ಇವೇ ಮುಖ್ಯ ಶತ್ರುಗಳು. ಅಡುಗೆಮನೆಗೆ ಹತ್ತಿರದ ಕೋಣೆ ಬೇಡ. 14ರಿಂದ 27ನೇ ವಾರ ಎಲ್ಲಕ್ಕಿಂತ ಸಲೀಸು. ದೂರದ ಪ್ರಯಾಣವಿದ್ದರೆ ಈ ಅವಧಿಗೆ ಇಟ್ಟುಕೊಳ್ಳುವುದು ಒಳ್ಳೆಯದು. 28ರ ನಂತರ ಪ್ರಯಾಣ ಸಾಧ್ಯ, ಆದರೆ ಡಾಕ್ಟರನ್ನು ಕೇಳಿಯೇ ಹೊರಡಬೇಕು. 36 ದಾಟಿದ ಮೇಲೆ ನೀವು ಹೆರಿಗೆಗೆ ಗೊತ್ತುಮಾಡಿಕೊಂಡ ಆಸ್ಪತ್ರೆಯಿಂದ ದೂರ ಹೋಗಿ ರಾತ್ರಿ ತಂಗುವ ಕೂಟ ಬೇಡವೆಂದೇ ನಮ್ಮ ಸಲಹೆ. ನೆಂಟರು ಬಂದು ನೋಡಿ ಹೋಗಲಿ, ಇಲ್ಲವೇ ವೀಡಿಯೊ ಕರೆಯಲ್ಲಿ ಅರ್ಧ ಗಂಟೆ ಎಲ್ಲರ ಜೊತೆ ಕೂತು ಮಾತಾಡಿ.

ರಕ್ತಸ್ರಾವವಾಗಿದ್ದರೆ, ಮಾಸು ಕೆಳಗಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಹೇಳಿದ್ದರೆ, ಬಿಪಿ ಹೆಚ್ಚಿದ್ದರೆ, ಅವಳಿ ಕೂಸುಗಳಿದ್ದರೆ ಅಥವಾ ಗರ್ಭಕಂಠ ಗಿಡ್ಡವಾಗಿದೆ ಎಂದಿದ್ದರೆ ವಾರ ಎಷ್ಟೇ ಇರಲಿ, ಹೋಗಬಹುದೇ ಎಂದು ಮೊದಲು ಕೇಳಿ. ಕೇಳುವಾಗ ಪೂರ್ತಿ ವಿವರ ಕೊಡಿ: ಎಷ್ಟು ಗಂಟೆಯ ಪ್ರಯಾಣ, ಎಷ್ಟು ದಿನ ಅಲ್ಲಿರುತ್ತೀರಿ, ಅಲ್ಲಿಂದ ಹೆರಿಗೆ ಸೌಲಭ್ಯವಿರುವ ಆಸ್ಪತ್ರೆ ಎಷ್ಟು ದೂರ. "ಊರಿಗೆ ಹೋಗಬಹುದಾ" ಎಂದಷ್ಟೇ ಕೇಳಿದರೆ ಸಿಗುವ ಉತ್ತರವೂ ಅಷ್ಟೇ ಮೊಟಕಾಗಿರುತ್ತದೆ.

ಪ್ರಯಾಣ

ಕಾರಿನಲ್ಲಾದರೆ ಸೀಟ್ ಬೆಲ್ಟ್ ಬಿಡಬೇಡಿ. ಕೆಳಗಿನ ಪಟ್ಟಿ ಹೊಟ್ಟೆಯ ಕೆಳಗೆ, ಸೊಂಟದ ಮೂಳೆಗೆ ತಾಗಿ ಬರಬೇಕು; ಮೇಲಿನ ಪಟ್ಟಿ ಎದೆಗಳ ನಡುವೆ ಇಳಿದು ಹೊಟ್ಟೆಯ ಪಕ್ಕಕ್ಕೆ ಹೋಗಬೇಕು. ಹೊಟ್ಟೆಯ ಮೇಲೆ ಪಟ್ಟಿ ಬಂದರೆ ಗಾಡಿ ಗಕ್ಕನೆ ನಿಂತಾಗ ಒತ್ತಡವೆಲ್ಲ ಗರ್ಭಕೋಶದ ಮೇಲೆ ಬೀಳುತ್ತದೆ. ನೀವೇ ಓಡಿಸುವುದಾದರೆ ಎದೆಗೂ ಸ್ಟೀರಿಂಗ್‌ಗೂ ಕನಿಷ್ಠ 25 ಸೆಂಟಿಮೀಟರ್ ಅಂತರ ಇರಲಿ.

ಎರಡು ಗಂಟೆಗೊಮ್ಮೆ ಇಳಿದು ಐದು ಹತ್ತು ನಿಮಿಷ ನಡೆಯಿರಿ. ಗರ್ಭಿಣಿಯ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚಿರುತ್ತದೆ. ಅದರ ಮೇಲೆ ಕಾಲು ಇಳಿಬಿಟ್ಟು ಅಲ್ಲಾಡದೆ ಕೂತರೆ ಮೀನಖಂಡದ ರಕ್ತನಾಳದಲ್ಲಿ ಹೆಪ್ಪು ಕಟ್ಟಬಹುದು. ಇಳಿಯಲಾಗದ ಪ್ರಯಾಣದಲ್ಲಿ ಪಾದವನ್ನು ಮೇಲೆ ಕೆಳಗೆ ಆಡಿಸುತ್ತಿರಿ. ನಾಲ್ಕು ಗಂಟೆಗಿಂತ ಉದ್ದದ ವಿಮಾನ ಪ್ರಯಾಣವಾದರೆ ಕಾಲಿಗೆ ಹಾಕುವ ಬಿಗಿ ಕಾಲುಚೀಲದ ಬಗ್ಗೆ ಡಾಕ್ಟರನ್ನು ಕೇಳಿ. ಒಂದೇ ಕೂಸಿದ್ದರೆ ಬಹುತೇಕ ವಿಮಾನ ಸಂಸ್ಥೆಗಳು 36 ವಾರದವರೆಗೆ ಹತ್ತಿಸಿಕೊಳ್ಳುತ್ತವೆ. 28 ವಾರ ದಾಟಿದ ಮೇಲೆ ಹಲವು ಕಡೆ ಹೆರಿಗೆಯ ಅಂದಾಜು ದಿನ ಬರೆದ ಡಾಕ್ಟರ ಪತ್ರ ಕೇಳುತ್ತಾರೆ. ವಾಪಸ್ ಬರುವ ದಿನ ಎಷ್ಟು ವಾರ ಆಗಿರುತ್ತದೆ ಎಂಬುದನ್ನೂ ಎಣಿಸಿ. ಬಹಳ ಜನ ಹೋಗುವ ದಿನವನ್ನು ಮಾತ್ರ ಎಣಿಸಿ ಎಡವುತ್ತಾರೆ.

ಕೈಚೀಲದಲ್ಲಿ, ದೊಡ್ಡ ಪೆಟ್ಟಿಗೆಯಲ್ಲಲ್ಲ, ಇವಿಷ್ಟು ಇರಲಿ: ತಪಾಸಣೆಯ ಫೈಲು, ಕೊನೆಯ ಸ್ಕ್ಯಾನಿಂಗ್ ವರದಿ, ರಕ್ತದ ಗುಂಪು ಬರೆದ ಹಾಳೆ, ಇದ್ದಷ್ಟು ದಿನಕ್ಕೆ ಮೂರು ದಿನ ಹೆಚ್ಚಾಗಿ ಮಾತ್ರೆಗಳು, ಒಂದು ಲೀಟರ್ ನೀರಿನ ಬಾಟಲಿ, ಎರಡು ಸಲಕ್ಕಾಗುವಷ್ಟು ಒಣ ತಿಂಡಿ. ಫೈಲಿನ ಪ್ರತಿ ಪುಟದ ಫೋಟೊ ಜೊತೆಗಾರರ ಫೋನಿನಲ್ಲೂ ಇರಲಿ. ಹೋಗುವ ಊರಿನಲ್ಲಿ ರಾತ್ರಿಯೂ ತೆರೆದಿರುವ ಹೆರಿಗೆ ಆಸ್ಪತ್ರೆ ಯಾವುದು, ದಾರಿ ಯಾವುದು, ಆ ಹೊತ್ತಿನಲ್ಲಿ ಯಾರ ಗಾಡಿ ಸಿಗುತ್ತದೆ, ಇದನ್ನು ತಲುಪಿದ ದಿನವೇ ಕೇಳಿಟ್ಟುಕೊಳ್ಳಿ.

ಜೊತೆಗಾರನಿಗೆ ಗೊತ್ತುಮಾಡಿದ ಕೆಲಸ

ಗಂಡನಾಗಲಿ, ಅಕ್ಕನಾಗಲಿ, ನಾದಿನಿಯಾಗಲಿ, ಒಬ್ಬರು ಆ ದಿನ ನಿಮ್ಮವರು. "ನೋಡ್ಕೋತೀನಿ ಬಿಡು" ಎಂಬ ಭರವಸೆ ಸಾಲದು. ಏನು ನೋಡಿಕೊಳ್ಳಬೇಕೆಂದು ಒಂದೊಂದಾಗಿ ಹೇಳಿಡಿ: ಬಾಟಲಿ ಖಾಲಿಯಾದ ಕೂಡಲೇ ತುಂಬಿಸುವುದು, ಊಟ ತಡವಾದರೆ ತಟ್ಟೆಯಲ್ಲಿ ಮೊದಲೇ ಬಡಿಸಿ ತರುವುದು, ಕುರ್ಚಿ ಕಾಯುವುದು, ಮಧ್ಯಾಹ್ನ ಮಲಗಿದಾಗ ಯಾರೂ ಬಾಗಿಲು ತಟ್ಟದಂತೆ ನೋಡುವುದು, ಮಾತು ಭಯ ಹುಟ್ಟಿಸುವ ಹೆರಿಗೆ ಕಥೆಯ ಕಡೆ ಹೊರಳಿದರೆ ವಿಷಯ ಬದಲಿಸುವುದು, ಮನೆಗೆ ಹೊರಡುವ ಹೊತ್ತಾಯಿತೆಂದು ತಾನೇ ಎದ್ದು ಹೇಳುವುದು.

ಒಂದು ಗುಟ್ಟಿನ ಸನ್ನೆ ಗೊತ್ತುಮಾಡಿಕೊಳ್ಳಿ. ಮೂವತ್ತು ಜನರ ನಡುವೆ "ನನಗೆ ಆಗ್ತಿಲ್ಲ" ಎಂದು ಬಾಯಿಬಿಟ್ಟು ಹೇಳಲು ಯಾರಿಗೂ ಸುಲಭವಲ್ಲ. ಅವರ ಹೆಗಲ ಮೇಲೆ ಎರಡು ಸಲ ತಟ್ಟಿದರೆ ಐದು ನಿಮಿಷದೊಳಗೆ ನಿಮ್ಮನ್ನು ಆಚೆ ಕರೆದುಕೊಂಡು ಹೋಗಬೇಕು, ಯಾಕೆ ಏನು ಎಂದು ಅಲ್ಲೇ ಕೇಳಬಾರದು.

ಅತ್ತೆ ಮಾವ, ತಂದೆ ತಾಯಿಯರಿಗೆ ಹೇಳಬೇಕಾದ್ದನ್ನು ಅವರವರ ಮಕ್ಕಳೇ ಹೇಳಲಿ. ಗಂಡನ ಕಡೆಯವರಿಗೆ ಗಂಡ, ನಿಮ್ಮ ಕಡೆಯವರಿಗೆ ನೀವು. ಅದೇ ಮಾತು ಸೊಸೆಯ ಬಾಯಿಂದ ಬಂದರೆ ಬೇರೆ ಅರ್ಥ ಪಡೆಯುವುದನ್ನು ಎಲ್ಲರೂ ಬಲ್ಲರು.

ದಿನವನ್ನು ಹೊತ್ತುಗಳಾಗಿ ಕತ್ತರಿಸಿ

ಎರಡರಿಂದ ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ಹೊಟ್ಟೆ ಪೂರ್ತಿ ಖಾಲಿಯಾದರೆ ವಾಕರಿಕೆ ಹೆಚ್ಚುತ್ತದೆ, ಪೂರ್ತಿ ತುಂಬಿದರೆ ಎದೆಯುರಿ. ಎದೆಯುರಿ ಬರುವುದು ಖಾರದಿಂದ ಮಾತ್ರವಲ್ಲ: ಗರ್ಭದ ಹಾರ್ಮೋನು ಅನ್ನನಾಳದ ಕೆಳತುದಿಯ ಸ್ನಾಯುವನ್ನು ಸಡಿಲಿಸುತ್ತದೆ, ಬೆಳೆದ ಗರ್ಭಕೋಶ ಜಠರವನ್ನು ಮೇಲಕ್ಕೆ ಒತ್ತುತ್ತದೆ. ಅದಕ್ಕೇ ಕೂಟದ ರಾತ್ರಿ ಹತ್ತೂವರೆಗೆ ಭರ್ತಿ ಊಟ ಮಾಡಿ ಹನ್ನೊಂದಕ್ಕೆ ಮಲಗಿದರೆ ನಿದ್ದೆ ಬರುವುದಿಲ್ಲ. ಮಲಗುವುದಕ್ಕೆ ಎರಡು ಮೂರು ಗಂಟೆ ಮುಂಚೆ ನಿಮ್ಮ ಊಟ ಮುಗಿದಿರಬೇಕು. ಪಂಕ್ತಿ ತಪ್ಪಿಸಿದಳು ಎಂಬ ಮಾತು ಬರುವ ಮನೆಯಾದರೆ ಮೊದಲೇ ಹೀಗನ್ನಿ: "ಅತ್ತೆ, ಈಗ ಹೊತ್ತಿಗೆ ಸರಿಯಾಗಿ ತಿನ್ನಲೇಬೇಕು, ನಾನು ಸ್ವಲ್ಪ ಮುಂಚೆ ಊಟ ಮಾಡ್ಬಿಡ್ತೀನಿ. ನೀವೆಲ್ಲ ಕೂತಾಗ ಪಕ್ಕದಲ್ಲೇ ಬಂದು ಕೂತ್ಕೋತೀನಿ." ಜೊತೆಗೆ ಕೂರುತ್ತೀರಿ ಎಂಬುದು ಅವರಿಗೆ ಮುಖ್ಯ, ತಿನ್ನುತ್ತೀರೋ ಇಲ್ಲವೋ ಎಂಬುದಲ್ಲ.

ದಿನಕ್ಕೆ ಸುಮಾರು 2ರಿಂದ 2.8 ಲೀಟರ್ ನೀರು ಬೇಕು. ಒಂದು ಲೀಟರ್ ಬಾಟಲಿ ಇಟ್ಟುಕೊಂಡರೆ ಲೆಕ್ಕ ಸುಲಭ: ಮಧ್ಯಾಹ್ನದ ಊಟದೊಳಗೆ ಒಂದು ಖಾಲಿ, ಸಂಜೆ ಆರರೊಳಗೆ ಇನ್ನೊಂದು, ಆಮೇಲೆ ಉಳಿದದ್ದು. ಶೌಚಾಲಯಕ್ಕೆ ಓಡಬೇಕೆಂದು ಕುಡಿಯುವುದನ್ನು ಕಡಿಮೆ ಮಾಡಿದರೆ ಹೊಟ್ಟೆ ಪದೇ ಪದೇ ಬಿಗಿಯಬಹುದು. ಮೂತ್ರ ತಡೆದರೆ ಸೋಂಕಿಗೆ ದಾರಿ, ಅದು ಮೂತ್ರಪಿಂಡಕ್ಕೆ ಏರಿದರೆ ಅವಧಿಗೆ ಮುಂಚಿನ ಹೆರಿಗೆಗೂ ಕಾರಣವಾಗಬಹುದು. ಶೌಚಾಲಯದ ಸರದಿಯಲ್ಲಿ ಬಸುರಿಗೆ ಮೊದಲ ಅವಕಾಶ ಎಂದು ಮನೆಯ ಹಿರಿಯರೊಬ್ಬರಿಂದ ಬೆಳಿಗ್ಗೆಯೇ ಎಲ್ಲರೆದುರು ಹೇಳಿಸಿಬಿಡಿ.

ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ; ಅವುಗಳಲ್ಲಿರುವ ಅಂಶಗಳು ಕಬ್ಬಿಣವನ್ನು ಹಿಡಿದುಕೊಂಡು ದೇಹಕ್ಕೆ ಸೇರಗೊಡುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಕಬ್ಬಿಣದ ಮಾತ್ರೆಗೂ ಎರಡು ಗಂಟೆಯ ಅಂತರ ಬೇಕು. ಕೂಟದಲ್ಲಿ ತಪ್ಪುವ ಮೊದಲ ಸಂಗತಿಯೇ ಮಾತ್ರೆ, ಫೋನಿನಲ್ಲಿ ಅಲಾರಾಂ ಇಡಿ.

ಒಂದೇ ಕಡೆ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲಬೇಡಿ. ಗರ್ಭದಲ್ಲಿ ರಕ್ತನಾಳಗಳು ಸಡಿಲವಾಗಿರುತ್ತವೆ. ನಿಂತಾಗ ರಕ್ತ ಕಾಲಿನಲ್ಲೇ ಉಳಿದು ಬಿಪಿ ಇಳಿಯುತ್ತದೆ, ಕಣ್ಣು ಕತ್ತಲೆ ಬರುತ್ತದೆ. ಗುಂಪು ಫೋಟೊ ತೆಗೆಯುವಾಗ ತಲೆಸುತ್ತು ಬಂದು ಕುಸಿಯುವುದಕ್ಕೆ ಇದೇ ಕಾರಣ. ಫೋಟೊದಲ್ಲಿ ನಿಮಗೆ ಕುರ್ಚಿ ಇರಲಿ, ಎಲ್ಲರೂ ಸಾಲಾಗಿ ನಿಂತ ಮೇಲೆ ಕೊನೆಗೆ ಬನ್ನಿ.

ಮಧ್ಯಾಹ್ನ ಒಂದು ಗಂಟೆ ಮಲಗುವುದಕ್ಕೆ ಬಾಗಿಲು ಹಾಕಬಹುದಾದ ಕೋಣೆ ಬೇಕು. ಇದನ್ನು ಕೂಟದ ದಿನ ಕೇಳಿದರೆ ಆ ಕೋಣೆಯಲ್ಲಿ ಚೀಲಗಳು, ಮಕ್ಕಳು ತುಂಬಿರುತ್ತವೆ. ವಾರ ಮುಂಚೆಯೇ ಹೇಳಿ. 28 ವಾರದ ಮೇಲೆ ನಿದ್ದೆಗೆ ಹೋಗುವಾಗ ಮಗ್ಗುಲಿಗೆ ಮಲಗಿ, ಅಂಗಾತ ಬೇಡ. ತುಂಬಿದ ಗರ್ಭಕೋಶ ಬೆನ್ನೆಲುಬಿನ ಪಕ್ಕದ ದೊಡ್ಡ ರಕ್ತನಾಳವನ್ನು ಒತ್ತಿ ಕೂಸಿಗೆ ಹೋಗುವ ರಕ್ತವನ್ನು ತಗ್ಗಿಸುತ್ತದೆ. ಎಚ್ಚರವಾದಾಗ ಅಂಗಾತ ಇದ್ದರೆ ಗಾಬರಿ ಬೇಡ, ಹೊರಳಿಕೊಳ್ಳಿ ಅಷ್ಟೆ. ಮೊಣಕಾಲುಗಳ ನಡುವೆ ಒಂದು, ಬೆನ್ನಿಗೆ ಒಂದು, ತಲೆಗೆ ಒಂದು, ಹೀಗೆ ಮೂರು ದಿಂಬು ಬೇಕು. ಪರರ ಮನೆಯಲ್ಲಿ ಹೆಚ್ಚುವರಿ ದಿಂಬು ಸಿಗುವುದು ಕಷ್ಟ, ಗಾಡಿಯಲ್ಲಿ ಜಾಗವಿದ್ದರೆ ನಿಮ್ಮದನ್ನೇ ಒಯ್ಯಿರಿ.

ಈ ಮಲಗುವ ಹೊತ್ತಿಗೆ ಇನ್ನೊಂದು ಉಪಯೋಗವಿದೆ. ಗದ್ದಲದಲ್ಲಿ ಓಡಾಡುವಾಗ ಕೂಸಿನ ಚಲನೆ ಗಮನಕ್ಕೇ ಬರುವುದಿಲ್ಲ. ರಾತ್ರಿ ಹೊತ್ತಿಗೆ "ಇವತ್ತು ಒದೆತ ಇತ್ತಾ ಇಲ್ವಾ" ಎಂದು ನೆನಪಾಗದೆ ಭಯವಾಗುತ್ತದೆ, ಇಲ್ಲವೇ ನಿಜಕ್ಕೂ ಕಡಿಮೆಯಾಗಿದ್ದರೂ ತಿಳಿಯದೆ ಹೋಗುತ್ತದೆ. 28 ವಾರ ದಾಟಿದವರು ಮಧ್ಯಾಹ್ನ ಮಗ್ಗುಲಿಗೆ ಮಲಗಿ, ಹೊಟ್ಟೆಯ ಮೇಲೆ ಕೈಯಿಟ್ಟು ಎಣಿಸಿ. ಎರಡು ಗಂಟೆಯೊಳಗೆ ಹತ್ತು ಚಲನೆ ಎಂಬುದು ಬಳಕೆಯಲ್ಲಿರುವ ಒಂದು ಅಳತೆ. ಅದಕ್ಕಿಂತ ಮುಖ್ಯವಾದದ್ದು ನಿಮ್ಮ ಕೂಸಿನ ಎಂದಿನ ರೀತಿ. ಅದು ಬದಲಾಗಿದೆ ಅನ್ನಿಸಿದರೆ ಬೆಳಗಾಗಲಿ ಎಂದು ಕಾಯದೆ ಅಂದೇ ಆಸ್ಪತ್ರೆಗೆ ಫೋನ್ ಮಾಡಿ.

ತಟ್ಟೆಯಲ್ಲಿ ಏನಿರಬೇಕು, ಏನು ಬೇಡ

ದೊಡ್ಡ ಅಡುಗೆಯಲ್ಲಿ ಅಪಾಯ ತರುವುದು ಪದಾರ್ಥಕ್ಕಿಂತ ಹೆಚ್ಚಾಗಿ ಹೊತ್ತು ಮತ್ತು ಬಿಸಿ. 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ವೇಗವಾಗಿ ಹೆಚ್ಚುತ್ತವೆ. ಮೇಜಿನ ಮೇಲೆ ಬಡಿಸಿಟ್ಟ ಬೇಯಿಸಿದ ಅಡುಗೆ ಎರಡು ಗಂಟೆ ಕಳೆದರೆ ನಿಮಗೆ ಬೇಡ. ಕೋಣೆಯ ಬಿಸಿ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಆದ್ದರಿಂದ ಒಲೆಯಿಂದ ಇಳಿದ ಕೂಡಲೇ ನಿಮ್ಮ ಪಾಲನ್ನು ಬೇರೆ ತಟ್ಟೆಯಲ್ಲಿ ತೆಗೆಸಿ ಬಿಸಿಯಿರುವಾಗಲೇ ಉಣ್ಣುವುದು ಎಲ್ಲಕ್ಕಿಂತ ಸರಳ ಉಪಾಯ. ಎಲ್ಲರೂ ಸೌಟು ಮುಟ್ಟುವ ಮುಂಚೆ ನಿಮಗೆ ಬಡಿಸಿರುತ್ತದೆ ಎಂಬ ಲಾಭವೂ ಉಂಟು.

ಉಳಿದದ್ದನ್ನು ಮರುದಿನ ತಿನ್ನುವುದಾದರೆ ಅದು ಹೇಗೆ ತಣಿದಿದೆ ಎಂಬುದನ್ನು ಕೇಳಿ. ದೊಡ್ಡ ಪಾತ್ರೆಯನ್ನು ಹಾಗೇ ಫ್ರಿಜ್ಜಿಗೆ ನೂಕಿದರೆ ನಡುಭಾಗ ಹಲವು ಗಂಟೆ ಬೆಚ್ಚಗೇ ಉಳಿಯುತ್ತದೆ. ಐದು ಸೆಂಟಿಮೀಟರ್‌ಗಿಂತ ಆಳವಿಲ್ಲದ ಅಗಲ ಡಬ್ಬಿಗಳಿಗೆ ಹಂಚಿ, ಎರಡು ಗಂಟೆಯೊಳಗೆ ಒಳಗಿಟ್ಟಿರಬೇಕು. ತಿನ್ನುವಾಗ ನಡುಭಾಗವೂ 74 ಡಿಗ್ರಿ ಮುಟ್ಟುವಂತೆ, ಅಂದರೆ ಎಲ್ಲ ಕಡೆಯಿಂದ ಹಬೆಯಾಡುವಂತೆ ಕಾಯಿಸಿ. ಮೈಕ್ರೋವೇವ್ ಒಂದು ಕಡೆ ಸುಡುವಷ್ಟು ಕಾಯಿಸಿ ಇನ್ನೊಂದು ಕಡೆ ತಣ್ಣಗೇ ಬಿಡುತ್ತದೆ, ನಡುವೆ ಒಮ್ಮೆ ಕಲಕಬೇಕು. ಅನ್ನಕ್ಕೆ ಮಾತ್ರ ಈ ಉಪಾಯ ಸಾಲದು. ರಾತ್ರಿಯಿಡೀ ಹೊರಗೆ ಉಳಿದ ಅನ್ನದಲ್ಲಿ ಹುಟ್ಟುವ ಒಂದು ವಿಷ ಮತ್ತೆ ಕಾಯಿಸಿದರೂ ನಾಶವಾಗುವುದಿಲ್ಲ. ಅಂಥ ಅನ್ನ ಬೇಡ.

ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾವನ್ನು ಬಸುರಿ ವಿಶೇಷವಾಗಿ ತಿಳಿದಿರಬೇಕು, ಏಕೆಂದರೆ ಅದು ಫ್ರಿಜ್ಜಿನ ಚಳಿಯಲ್ಲೂ ಬೆಳೆಯುತ್ತದೆ. ಗರ್ಭಿಣಿಗೆ ಅದು ತಗಲುವ ಸಂಭವ ಉಳಿದವರಿಗಿಂತ ಸುಮಾರು 10 ಪಟ್ಟು ಹೆಚ್ಚು. ತಾಯಿಗೆ ಸಣ್ಣ ಜ್ವರ, ಮೈಕೈ ನೋವು ಬಂದು ಹೋಗಬಹುದು, ಆದರೆ ಕೂಸಿಗೆ ಜೀವಾಪಾಯ. ಕಾಯಿಸದ ಹಾಲು, ಅದರಿಂದ ಮಾಡಿದ ಮೆತ್ತನೆಯ ಚೀಸ್, ತಣ್ಣಗೆ ಬಡಿಸುವ ಸಂಸ್ಕರಿಸಿದ ಮಾಂಸ, ಹಿಂದಿನ ದಿನವೇ ಹೆಚ್ಚಿಟ್ಟ ಹಣ್ಣು ಮತ್ತು ಸಲಾಡ್, ಇವುಗಳನ್ನು ಬಿಡಿ. ಹಣ್ಣು ಬೇಕಾದರೆ ಇಡೀ ಹಣ್ಣು ತೊಳೆದು ಆಗಲೇ ಹೆಚ್ಚಿಕೊಂಡು ತಿನ್ನಿ.

ಸಿಹಿತಿಂಡಿಗಳ ಬಗ್ಗೆ ಎರಡು ಪ್ರಶ್ನೆ ಕೇಳಬೇಕು: ಇದರಲ್ಲಿ ಹಸಿ ಮೊಟ್ಟೆ ಇದೆಯೇ, ಮದ್ಯ ಇದೆಯೇ? ನೊರೆಯಂಥ ಸಿಹಿ, ಮನೆಯಲ್ಲೇ ಕಡೆದ ಮೇಯನೇಸ್, ಕೆಲವು ಕೇಕ್ ಲೇಪನಗಳಲ್ಲಿ ಬೇಯದ ಮೊಟ್ಟೆ ಇರುತ್ತದೆ. ಮದ್ಯಕ್ಕೆ ಗರ್ಭದಲ್ಲಿ ಸುರಕ್ಷಿತ ಪ್ರಮಾಣ ಎಂಬುದಿಲ್ಲ, "ಒಂದು ಗುಟುಕಿಗೆ ಏನಾಗತ್ತೆ" ಎಂದವರಿಗೆ ಅಷ್ಟು ಹೇಳಿದರೆ ಸಾಕು. ಮಾಂಸ ಮೀನು ಪೂರ್ತಿ ಬೆಂದಿರಲಿ. ಶಾರ್ಕ್, ಸ್ವೋರ್ಡ್‌ಫಿಶ್‌ನಂಥ ದೊಡ್ಡ ಬೇಟೆ ಮೀನು ಬೇಡ. ಸಣ್ಣ ಮೀನುಗಳನ್ನು ತಿಂದು ತಿಂದು ಅವುಗಳ ಮೈಯಲ್ಲಿ ಪಾದರಸ ಶೇಖರವಾಗಿರುತ್ತದೆ. ಹಸಿ ಮೊಳಕೆಕಾಳೂ ಬೇಡ, ಬೇಯಿಸಿದ್ದಾದರೆ ಆಗಬಹುದು.

ಕಾಫಿ ಟೀ ವಿಷಯದಲ್ಲಿ ಕೂಟಗಳು ಮೋಸ ಮಾಡುತ್ತವೆ. ಬಂದವರಿಗೆಲ್ಲ ಕೊಡುವಾಗ ನಿಮ್ಮ ಕೈಗೂ ಒಂದು ಲೋಟ ಬರುತ್ತದೆ, ಐದು ಸಲ ಬಂದರೆ ಐದು ಲೋಟ. ದಿನಕ್ಕೆ ಕೆಫೀನ್ 200 ಮಿಲಿಗ್ರಾಂ ಮೀರಬಾರದು. 240 ಮಿಲಿಲೀಟರ್ ಸೋಸಿದ ಕಾಫಿಯಲ್ಲಿ ಸುಮಾರು 95, ಅಷ್ಟೇ ಟೀಯಲ್ಲಿ ಸುಮಾರು 50 ಮಿಲಿಗ್ರಾಂ ಇರುತ್ತದೆ; ಕೋಲಾ, ಚಾಕೊಲೇಟ್‌ಗಳಲ್ಲೂ ಉಂಟು. ಎರಡು ಲೋಟ ಕಾಫಿ ಆಯಿತೆಂದರೆ ಆ ದಿನಕ್ಕೆ ಮುಗಿಯಿತು.

ಸಕ್ಕರೆ ಕಾಯಿಲೆ ಗರ್ಭದಲ್ಲಿ ಕಾಣಿಸಿಕೊಂಡವರು ಮೀಟರನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ರಜೆಯ ದಿನವೆಂದು ಗ್ಲೂಕೋಸ್ ರಜೆ ಹಾಕುವುದಿಲ್ಲ.

ಮಕ್ಕಳು, ಕೆಮ್ಮು, ಬೆಕ್ಕು

ಕೂಟಕ್ಕೆ ಮೂರು ವಾರ ಮುಂಚೆ ಫ್ಲೂ ಲಸಿಕೆ ಹಾಕಿಸಿಕೊಂಡಿದ್ದರೆ ಒಳ್ಳೆಯದು. ಅದು ಕೆಲಸ ಶುರುಮಾಡಲು ಸುಮಾರು ಎರಡು ವಾರ ಬೇಕು. ಗರ್ಭದ ಯಾವ ತಿಂಗಳಲ್ಲಾದರೂ ಹಾಕಿಸಬಹುದು. ನಾಯಿಕೆಮ್ಮಿನ ಲಸಿಕೆಯನ್ನು 27ರಿಂದ 36ನೇ ವಾರದೊಳಗೆ ಕೊಡುವುದು ರೂಢಿ, ತಾಯಿಯ ಮೈಯಲ್ಲಿ ಹುಟ್ಟಿದ ರಕ್ಷಣೆ ಹುಟ್ಟುವ ಕೂಸಿಗೂ ಸಿಗುತ್ತದೆ. ರುಬೆಲ್ಲಾ ಮತ್ತು ಚಿಕನ್‌ಪಾಕ್ಸ್ ಲಸಿಕೆಗಳು ಜೀವಂತ ವೈರಸ್ಸಿನವು, ಗರ್ಭದಲ್ಲಿ ಕೊಡುವುದಿಲ್ಲ. ಆದ್ದರಿಂದ ನಿಮಗೆ ಆ ರೋಗಗಳ ರಕ್ಷಣೆ ಇದೆಯೇ ಎಂದು ಫೈಲಿನಲ್ಲಿ ನೋಡಿ, ಗೊತ್ತಿಲ್ಲದಿದ್ದರೆ ರಕ್ತಪರೀಕ್ಷೆಗೆ ಕೇಳಿ.

ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಜೊತೆಗಾರರಿಂದ ಒಂದು ಸಾಲು ಹಾಕಿಸಿ: "ಜ್ವರ, ಮೈಮೇಲೆ ಗುಳ್ಳೆ, ಕೆಮ್ಮು ಇರೋ ಮಕ್ಕಳಿದ್ರೆ ದಯವಿಟ್ಟು ಮೊದಲೇ ತಿಳಿಸಿ." ಮುಂಚೆ ತಿಳಿದರೆ ಕೂರುವ ಜಾಗ ಬೇರೆ ಮಾಡಬಹುದು, ಇಲ್ಲವೇ ಆ ದಿನ ಹೋಗದೇ ಇರಬಹುದು. ಚಿಕನ್‌ಪಾಕ್ಸ್ ಗುಳ್ಳೆ ಏಳುವ ಒಂದೆರಡು ದಿನ ಮುಂಚಿನಿಂದಲೇ ಹರಡುತ್ತದೆ. ಸರ್ಪಸುತ್ತು ಇರುವ ಹಿರಿಯರ ಗುಳ್ಳೆಯಿಂದಲೂ, ಮುಂಚೆ ಚಿಕನ್‌ಪಾಕ್ಸ್ ಆಗದವರಿಗೆ ಅದು ತಗಲಬಹುದು.

ಚಿಕ್ಕ ಮಕ್ಕಳ ಎಂಜಲು ಮತ್ತು ಮೂತ್ರದಲ್ಲಿ ಸೈಟೊಮೆಗಲೊವೈರಸ್ ಇರಬಹುದು. ಮಗುವಿಗೆ ಅದರಿಂದ ಏನೂ ಆಗಿರುವುದಿಲ್ಲ, ಆದರೆ ಹೊಟ್ಟೆಯ ಕೂಸಿಗೆ ತಗಲಿದರೆ ಕಿವಿ ಕೇಳದಿರುವಂಥ ತೊಂದರೆ ಬರಬಹುದು. ಮಕ್ಕಳನ್ನು ದೂರ ತಳ್ಳಬೇಕಿಲ್ಲ. ಅವರು ಕಚ್ಚಿಬಿಟ್ಟದ್ದನ್ನು ತಿನ್ನಬೇಡಿ, ಅವರ ಚಮಚ ಲೋಟ ಬಳಸಬೇಡಿ, ತುಟಿಗೆ ಬದಲು ನೆತ್ತಿಗೆ ಮುತ್ತು ಕೊಡಿ, ಮೂಗು ಒರೆಸಿದ ಅಥವಾ ಡಯಾಪರ್ ಬದಲಿಸಿದ ಮೇಲೆ 20 ಸೆಕೆಂಡು ಸೋಪಿನಿಂದ ಕೈ ತೊಳೆಯಿರಿ. ಹೋದ ಮನೆಯಲ್ಲಿ ಬೆಕ್ಕಿದ್ದರೆ ಅದನ್ನು ಮುದ್ದಿಸಬಹುದು, ಮಲದ ತಟ್ಟೆಯನ್ನು ಮಾತ್ರ ಬೇರೆಯವರು ದಿನವೂ ಚೊಕ್ಕಟ ಮಾಡಲಿ. ಬೆಕ್ಕಿನ ಮಲದಲ್ಲಿರಬಹುದಾದ, ಹೊಟ್ಟೆಯ ಕೂಸಿಗೆ ಹಾನಿ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಪರಾವಲಂಬಿ ಹೊರಬಿದ್ದ ಒಂದರಿಂದ ಐದು ದಿನದ ನಂತರವೇ ಸೋಂಕು ತರುವ ಸ್ಥಿತಿಗೆ ಬರುತ್ತದೆ.

ಸಿಗರೇಟು ಸೇದುವವರಿದ್ದರೆ ಅವರು ಹೊರಗೆ ಹೋಗಬೇಕು, ಬಸುರಿ ಅಲ್ಲ. ಇದು ದಾಕ್ಷಿಣ್ಯದ ವಿಷಯವಲ್ಲ.

ಕೂಟ ನಿಮ್ಮ ಮನೆಯಲ್ಲೇ ಆದರೆ

ಅಡುಗೆಯ ಮುಂದಾಳತ್ವ ಬಿಟ್ಟುಕೊಡಿ, ಪೂರ್ತಿಯಾಗಿ. "ನಾನು ಸುಮ್ನೆ ಮೇಲ್ವಿಚಾರಣೆ ಮಾಡ್ತೀನಿ" ಎಂದವರು ಕೊನೆಗೆ ಒಲೆಯ ಮುಂದೆಯೇ ನಿಂತಿರುತ್ತಾರೆ. ಯಾರು ಏನು ತರುತ್ತಾರೆ ಎಂಬ ಪಟ್ಟಿಯನ್ನು ಹತ್ತು ದಿನ ಮುಂಚೆ ಕಳಿಸಿ. ಪ್ರತಿ ಪದಾರ್ಥದ ಮುಂದೆ ಒಂದು ಹೆಸರು, ಒಂದು ಅಳತೆ ಇರಲಿ. ನಿಮ್ಮ ಪಾಲಿಗೆ ಕೂತು ಮಾಡುವ ಕೆಲಸ ಇಟ್ಟುಕೊಳ್ಳಿ: ತೊಳೆದ ತರಕಾರಿ ಹೆಚ್ಚುವುದು, ತಟ್ಟೆ ಒರೆಸುವುದು, ಯಾರು ಎಲ್ಲಿ ಮಲಗಬೇಕೆಂಬ ಲೆಕ್ಕ. ಗೊತ್ತಾದ ಒಂದು ಕೆಲಸ ನಿಮ್ಮ ಕೈಯಲ್ಲಿದ್ದರೆ ಬೇರೆ ಕೆಲಸಕ್ಕೆ ಯಾರೂ ಕರೆಯುವುದಿಲ್ಲ, ಸುಮ್ಮನೆ ಕೂತಿದ್ದಾಳೆ ಎಂಬ ಅಳುಕೂ ನಿಮಗೆ ಇರುವುದಿಲ್ಲ.

ತುಂಬಿದ ಪಾತ್ರೆ, ಹಾಸಿಗೆಯ ಸುರುಳಿ, ಕುರ್ಚಿಗಳ ಅಟ್ಟಿ ಎತ್ತಬೇಡಿ. ಹೊಟ್ಟೆ ಮುಂದೆ ಬಂದಂತೆ ದೇಹದ ಸಮತೋಲ ಮುಂದಕ್ಕೆ ವಾಲುತ್ತದೆ, ಕೀಲುಗಳೂ ಸಡಿಲ. ಸ್ಟೂಲು ಹತ್ತಿ ಅಲಂಕಾರ ಕಟ್ಟುವುದು ಸರ್ವಥಾ ಬೇಡ. ಒದ್ದೆ ನೆಲ, ಬಾಗಿಲ ಬಳಿಯ ಚಪ್ಪಲಿ ರಾಶಿ, ನೆಲದ ಮೇಲಿನ ಚಾರ್ಜರ್ ತಂತಿ, ಬೀಳುವುದು ಸಾಮಾನ್ಯವಾಗಿ ಇವುಗಳಿಂದ. ಒಬ್ಬ ಹುಡುಗನಿಗೆ ಆಗಾಗ ಚಪ್ಪಲಿ ಪಕ್ಕಕ್ಕೆ ಜೋಡಿಸುವ ಕೆಲಸ ಕೊಡಿ.

ನೆಂಟರು ಹೊರಡುವ ಹೊತ್ತನ್ನು ಕರೆಯುವಾಗಲೇ ಹೇಳಿ. "ಬೆಳಿಗ್ಗೆ ಹನ್ನೊಂದಕ್ಕೆ ಬನ್ನಿ, ನಾಲ್ಕು ಗಂಟೆಗೆ ಇವಳು ಮಲಗಬೇಕು" ಎಂದರೆ ಯಾರಿಗೂ ಬೇಸರವಿಲ್ಲ. ನಾಲ್ಕಕ್ಕೆ ಆಕಳಿಸುತ್ತ ಕೂತರೆ ಎಲ್ಲರಿಗೂ ಇರುಸುಮುರುಸು.

ಮಾತುಗಳು

ಸುದ್ದಿ ಇನ್ನೂ ಹೇಳಿಲ್ಲವಾದರೆ ಕೂಟದಲ್ಲಿ ಹೇಳಬೇಕೋ ಬೇಡವೋ ಎಂದು ಇಬ್ಬರೂ ಮೊದಲೇ ನಿಶ್ಚಯಿಸಿ. ಗರ್ಭಪಾತಗಳಲ್ಲಿ ಬಹುಪಾಲು ಮೊದಲ 12 ವಾರಗಳಲ್ಲಿ ಆಗುವುದರಿಂದ ಹಲವರು ಅಲ್ಲಿಯವರೆಗೆ ಕಾಯುತ್ತಾರೆ. ಕಷ್ಟ ಬಂದರೂ ಯಾರ ಹತ್ತಿರ ಹೇಳಿಕೊಳ್ಳಬಲ್ಲಿರೋ ಅವರಿಗೆ ಮೊದಲೇ ಹೇಳುವುದರಲ್ಲಿ ತಪ್ಪೇನಿಲ್ಲ. ಅಜ್ಜ ಅಜ್ಜಿಯಾಗುವವರಿಗೆ ಉಳಿದವರಿಗಿಂತ ಒಂದು ದಿನವಾದರೂ ಮುಂಚೆ ತಿಳಿಸಿ. ಮೂವತ್ತು ಜನರ ಜೊತೆ ಒಟ್ಟಿಗೆ ಕೇಳಿಸಿಕೊಂಡ ಅಜ್ಜಿಯ ಮನಸ್ಸಿಗೆ ಆಗುವ ನೋವು ಬಹುಕಾಲ ಉಳಿಯುತ್ತದೆ. ಸುದ್ದಿಯನ್ನೂ ಫೋಟೊವನ್ನೂ ಯಾರೂ ಅಂತರ್ಜಾಲಕ್ಕೆ ಹಾಕಬಾರದೆಂದಿದ್ದರೆ, ಹೇಳುವ ಉಸಿರಿನಲ್ಲೇ ಅದನ್ನೂ ಹೇಳಿಬಿಡಿ.

"ಹೊಟ್ಟೆ ಇಷ್ಟು ಚಿಕ್ಕದಾಗಿದೆಯಲ್ಲ" ಎಂಬ ಮಾತು ಚೊಚ್ಚಲು ಬಸುರಿಯ ನಿದ್ದೆ ಕೆಡಿಸುತ್ತದೆ. ಮೊದಲ ಬಸುರಿನಲ್ಲಿ ಹೊಟ್ಟೆಯ ಸ್ನಾಯುಗಳು ಇನ್ನೂ ಹಿಗ್ಗಿರುವುದಿಲ್ಲ, ಹಾಗಾಗಿ ಹೊಟ್ಟೆ ತಡವಾಗಿ, ಕಡಿಮೆಯಾಗಿ ಕಾಣುವುದು ಸಹಜ. ಡಾಕ್ಟರು ಟೇಪಿನಿಂದ ಅಳೆಯುವಾಗ 24ನೇ ವಾರದ ಮೇಲೆ ಗರ್ಭಕೋಶದ ಎತ್ತರ ಸೆಂಟಿಮೀಟರಿನಲ್ಲಿ ಹೆಚ್ಚುಕಡಿಮೆ ವಾರದ ಸಂಖ್ಯೆಯಷ್ಟೇ ಇರುತ್ತದೆ, ಎರಡು ಅತ್ತಿತ್ತ. ಆ ಅಳತೆ ಸರಿಯಿದ್ದರೆ ಕಣ್ಣಳತೆಗೆ ಬೆಲೆಯಿಲ್ಲ. ಹೇಳಿದವರಿಗೆ "ಹೋದ ಸಲ ಅಳೆದಾಗ ಸರಿಯಾಗಿದೆ ಅಂದ್ರು" ಎಂದಷ್ಟೇ ಉತ್ತರ ಸಾಕು.

ಹೊಟ್ಟೆ ಮುಟ್ಟುವುದು ಇಷ್ಟವಿಲ್ಲದಿದ್ದರೆ ಅವರ ಕೈ ಬರುವ ಮುಂಚೆಯೇ ನಿಮ್ಮ ಕೈಯನ್ನು ಹೊಟ್ಟೆಯ ಮೇಲಿಡಿ, ಅವರ ಕೈಯನ್ನು ಹಿಡಿದುಕೊಂಡು "ಚಿಕ್ಕಮ್ಮ, ಮುಟ್ಟಿದ್ರೆ ಕಸಿವಿಸಿ ಆಗತ್ತೆ, ಇಲ್ಲೇ ಪಕ್ಕದಲ್ಲಿ ಕೂತ್ಕೊಳ್ಳಿ" ಅನ್ನಿ. ಹಿರಿಯರ ಸಲಹೆಗಳಲ್ಲಿ ಒಳ್ಳೆಯವೂ ಇರುತ್ತವೆ. ಆಲಿಸಿ, "ಡಾಕ್ಟರ್ ಹತ್ರ ಕೇಳಿ ಮಾಡ್ತೀನಿ" ಎನ್ನಿ. ಕಷಾಯ, ಪುಡಿ, ಬೇರು ಯಾವುದೇ ಇರಲಿ, ಅಲ್ಲೇ ಬಾಯಿಗೆ ಹಾಕಿಕೊಳ್ಳಬೇಡಿ. ತಲೆನೋವಿಗೆ ಯಾರದ್ದೋ ಪರ್ಸಿನಿಂದ ಬಂದ ಮಾತ್ರೆಯೂ ಬೇಡ. ಐಬುಪ್ರೊಫೆನ್‌ನಂಥವು 20 ವಾರದ ನಂತರ ಕೂಸಿನ ಮೂತ್ರಪಿಂಡಕ್ಕೆ ತೊಂದರೆ ಮಾಡಿ ಗರ್ಭದ ನೀರನ್ನು ಕಡಿಮೆ ಮಾಡಬಹುದು.

ಎಲ್ಲ ಬಿಟ್ಟು ಹೊರಡಬೇಕಾದ ಹೊತ್ತು

ತಲೆನೋವಿನ ಮಾತು ಬಂದದ್ದರಿಂದ ಇದನ್ನು ಒತ್ತಿ ಹೇಳಬೇಕು. 20 ವಾರದ ನಂತರ ಜೋರು ತಲೆನೋವು, ಕಣ್ಣ ಮುಂದೆ ಮಿಂಚು ಅಥವಾ ಮಸುಕು, ಬಲ ಪಕ್ಕೆಲುಬಿನ ಕೆಳಗೆ ನೋವು, ಮುಖ ಮತ್ತು ಕೈ ಇದ್ದಕ್ಕಿದ್ದಂತೆ ಊದುವುದು, ಇವು ಪ್ರೀಎಕ್ಲಾಂಪ್ಸಿಯಾದ, ಅಂದರೆ ಗರ್ಭದಲ್ಲಿ ಬಿಪಿ ಏರಿ ತಾಯಿಗೂ ಕೂಸಿಗೂ ಅಪಾಯ ತರುವ ಕಾಯಿಲೆಯ, ಗುರುತಾಗಿರಬಹುದು. ಮೊದಲ ಬಸುರಿನವರಲ್ಲಿ ಇದು ಹೆಚ್ಚು. ಕೂಟದಲ್ಲಿ ಇದನ್ನು "ಓಡಾಟ ಜಾಸ್ತಿ ಆಯ್ತು, ಮಲಗಿದ್ರೆ ಸರಿಹೋಗತ್ತೆ" ಎಂದು ತಳ್ಳಿಹಾಕುತ್ತಾರೆ, ತಪ್ಪುವುದು ಇಲ್ಲಿಯೇ. ಮನೆಯಲ್ಲಿ ಬಿಪಿ ಯಂತ್ರವಿದ್ದರೆ ನೋಡಿ, 140/90 ಅಥವಾ ಮೇಲಿದ್ದರೆ ಕೂಡಲೇ ಆಸ್ಪತ್ರೆಗೆ ಫೋನ್ ಮಾಡಿ. ಯಂತ್ರದಲ್ಲಿ ಸರಿಯಿದ್ದು ಲಕ್ಷಣ ಇದ್ದರೂ ಹೋಗಿ.

ರಕ್ತ ಕಂಡರೆ, ನೀರು ಹೋದಂತಾದರೆ, 38 ಡಿಗ್ರಿ ಜ್ವರ ಬಂದರೆ, ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದರೆ, ಉಸಿರಾಟ ಕಷ್ಟವಾದರೆ ಕಾಯಬೇಡಿ. ಹೊಟ್ಟೆ ಬಿಗಿಯುತ್ತಿದ್ದರೆ ಮೂತ್ರ ಮಾಡಿ, ಎರಡು ಲೋಟ ನೀರು ಕುಡಿದು, ಎಡಮಗ್ಗುಲಿಗೆ ಒಂದು ಗಂಟೆ ಮಲಗಿ. ಬಿಗಿತ ನಿಂತರೆ ಅದು ದಣಿವಿನದು. 37 ವಾರದೊಳಗೆ ಅದು ಕ್ರಮವಾಗಿ ಬರುತ್ತಲೇ ಇದ್ದರೆ, ಬರಬರುತ್ತ ಬಲವಾದರೆ ಆಸ್ಪತ್ರೆ. ಬಿದ್ದು ಹೊಟ್ಟೆಗೆ ಪೆಟ್ಟಾದರೆ ನೋವಿಲ್ಲದಿದ್ದರೂ ತೋರಿಸಬೇಕು. ರಕ್ತದ ಗುಂಪು ನೆಗೆಟಿವ್ ಇದ್ದವರಿಗೆ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು (ತಾಯಿಯ ದೇಹ ಕೂಸಿನ ರಕ್ತದ ವಿರುದ್ಧ ತಿರುಗದಂತೆ ತಡೆಯುವುದು) ಬೇಕಾಗಬಹುದು.

ಮರಳಿದ ಮೇಲೆ

ಮರುದಿನ ಖಾಲಿ ಇಡಿ. ಪಾತ್ರೆ, ಬಟ್ಟೆ, ಧನ್ಯವಾದದ ಫೋನುಗಳು ಕಾಯುತ್ತವೆ. ಕಾಲಿನ ಕೆಳಗೆ ದಿಂಬಿಟ್ಟು ಮಲಗಿ, ತಪ್ಪಿದ ಮಾತ್ರೆಯನ್ನು ಸರಿದೂಗಿಸಲೆಂದು ಎರಡು ನುಂಗಬೇಡಿ.

ಲಿಸ್ಟೀರಿಯಾದ ಜ್ವರ, ಅದು ಸೇರಿದ ಆಹಾರ ತಿಂದ ಹಲವು ವಾರಗಳ ಮೇಲೂ ಬರಬಹುದು. ಡಾಕ್ಟರ ಹತ್ತಿರ ಹೋದಾಗ ಕೂಟದಲ್ಲಿ ತಣ್ಣಗಿನ ಮಾಂಸವನ್ನೋ ಕಾಯಿಸದ ಹಾಲಿನ ಪದಾರ್ಥವನ್ನೋ ತಿಂದದ್ದಿದ್ದರೆ ಬಾಯಿಬಿಟ್ಟು ಹೇಳಿ, ಅವರಾಗಿ ಕೇಳದೇ ಇರಬಹುದು. ಚಿಕನ್‌ಪಾಕ್ಸ್ ತಗಲಿದ ಮೇಲೆ ಕಾಣಿಸಿಕೊಳ್ಳಲು 10ರಿಂದ 21 ದಿನ ಬೇಕು. ಕೂಟ ಮುಗಿದ ಒಂದೆರಡು ದಿನದಲ್ಲಿ ಯಾವುದೇ ಮಗುವಿಗೆ ಗುಳ್ಳೆ ಎದ್ದರೆ ಅದು ಕೂಟದ ದಿನವೇ ಹರಡುತ್ತಿತ್ತು ಎಂದರ್ಥ. ಆದ್ದರಿಂದ ಬೀಳ್ಕೊಡುವಾಗ ಮಕ್ಕಳ ಅಮ್ಮಂದಿರಿಗೆ ಹೇಳಿಡಿ: "ಮಗುಗೆ ಗುಳ್ಳೆ ಏನಾದ್ರೂ ಬಂದ್ರೆ ಅವತ್ತೇ ಒಂದು ಮೆಸೇಜ್ ಹಾಕಿ, ಬೇಜಾರು ಮಾಡ್ಕೊಳ್ಳಲ್ಲ." ರಕ್ಷಣೆ ಇಲ್ಲದ ಗರ್ಭಿಣಿಗೆ ಕೊಡುವ ಇಮ್ಯುನೊಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ) ಚುಚ್ಚುಮದ್ದು ಸಂಪರ್ಕವಾದ 10 ದಿನದೊಳಗೆ ಆಗಬೇಕು, ಬೇಗ ಆದಷ್ಟೂ ಒಳ್ಳೆಯದು. ಸುದ್ದಿ ತಿಳಿಸಲು ಆ ತಾಯಿ ಸಂಕೋಚಪಟ್ಟುಕೊಂಡರೆ ಆ ಹತ್ತು ದಿನ ಕಳೆದುಹೋಗುತ್ತದೆ.